ಮೊದಲು ಕೈ ಚಾಚಿದವರು

*ಇಂದಿನ ಧಮ್ಮ ಚಿಂತನೆ*

 



ಕಷ್ಟಕಾಲದಲ್ಲಿ ನೆಂಟರಿಷ್ಟರು ಬಂದರೆ ನಮಗೆ ಸಮಾಧಾನವಾಗುತ್ತದೆ. ಮುಖಪರಿಚಯವೂ ಇಲ್ಲದವರು ಬಂದು ಕೈ ಹಿಡಿದರೆ ಸಮಾಧಾನದ ಜೊತೆಗೆ ಆಶ್ಚರ್ಯವೂ ಆಗುತ್ತದೆ. 'ಇವರು ಯಾಕೆ ಬಂದರು? ಇವರಿಗೇನು ಬೇಕಿತ್ತು?' ಎಂದು ಮನಸ್ಸು ಕೇಳುತ್ತದೆ. ಇವತ್ತಿನ ಪಾಠ ಆ ಪ್ರಶ್ನೆಯ ಬಗ್ಗೆ. ಸ್ವಲ್ಪ ಉದ್ದವಿದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ಸಂಜೆ ಮನೆಮಂದಿಯೊಂದಿಗೆ ಕೂತು ಓದಿ.

*ಲೋಕದಲ್ಲಿ ಅಪರೂಪದ ಇಬ್ಬರು*

ಅಂಗುತ್ತರ ನಿಕಾಯದಲ್ಲಿ ದುಕನಿಪಾತ ಎಂಬ ಭಾಗವಿದೆ. ಎರಡೆರಡು ಸಂಗತಿಗಳನ್ನು ಜೋಡಿಸಿ ಹೇಳುವ ಭಾಗ ಅದು. ಅಲ್ಲಿ ಭಗವಾನ್ ಬುದ್ಧರು ಲೋಕದಲ್ಲಿ ಸಿಗುವುದು ಕಷ್ಟವಾದ ಇಬ್ಬರು ಮನುಷ್ಯರ ಬಗ್ಗೆ ಹೇಳುತ್ತಾರೆ. ಒಬ್ಬರು 'ಪುಬ್ಬಕಾರೀ'. ಇನ್ನೊಬ್ಬರು 'ಕತಞ್ಞೂ ಕತವೇದೀ'.

ಪಾಲಿಯ 'ಪುಬ್ಬ' ಎಂದರೆ ಪೂರ್ವ, ಮೊದಲು. 'ಕಾರೀ' ಎಂದರೆ ಮಾಡುವವರು. ಪುಬ್ಬಕಾರೀ ಎಂದರೆ ತಮಗೆ ಏನೂ ಸಿಗುವ ಮೊದಲೇ, ಯಾವ ಋಣವೂ ಇಲ್ಲದೆ, ತಾವಾಗಿ ಮುಂದೆ ಬಂದು ಒಳ್ಳೆಯದನ್ನು ಮಾಡುವವರು. 'ಕತಞ್ಞೂ' ನಮ್ಮ ಕನ್ನಡದ 'ಕೃತಜ್ಞ'ವೇ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವರು. ತನಗಾಗಿ ಇನ್ನೊಬ್ಬರು ಮಾಡಿದ್ದನ್ನು ಅರಿತವರು. 'ಕತವೇದೀ' ಎಂದರೆ ಆ ಅರಿವನ್ನು ತೋರಿಸಿಕೊಡುವವರು, ಒಳಗೇ ಮುಚ್ಚಿಡದೆ ಮಾತಿನಲ್ಲೋ ನಡತೆಯಲ್ಲೋ ಹೊರಗೆ ತರುವವರು.

ಶಾಲೆಯ ಸಮಾರಂಭಗಳಲ್ಲಿ ಕೊನೆಗೆ ವಂದನಾರ್ಪಣೆ ಮಾಡುತ್ತೇವೆ. ಜನ ಆಗಲೇ ಎದ್ದು ಹೊರಟಿರುತ್ತಾರೆ. 'ಕೃತಜ್ಞತೆಗಳು' ಎಂಬ ಮಾತು ಖಾಲಿ ಕುರ್ಚಿಗಳಿಗೆ ಕೇಳುತ್ತದೆ. ಬುದ್ಧರು ಈ ಪದವನ್ನು ಅಷ್ಟು ಹಗುರವಾಗಿ ಬಳಸಲಿಲ್ಲ. ಮೊದಲು ಮಾಡುವವರು ಎಷ್ಟು ಅಪರೂಪವೋ, ಅದನ್ನು ಅರಿತು ನಡೆಯುವವರೂ ಅಷ್ಟೇ ಅಪರೂಪ ಎಂದು ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು.

*ಹೆಸರಿಲ್ಲದ ಒಬ್ಬ ಮನುಷ್ಯ*

ಥೇರಿ ಪಟಾಚಾರಾ ಅವರ ಕಥೆ ನಿಮಗೆ ಗೊತ್ತಿದೆ. ಶ್ರಾವಸ್ತಿಯ ಶ್ರೀಮಂತ ಮನೆಯ ಮಗಳು. ಮನೆಯ ಆಳನ್ನು ಮೆಚ್ಚಿ ಅವನೊಂದಿಗೆ ಹೊರಟುಹೋದಳು. ಎರಡನೆಯ ಹೆರಿಗೆಗೆ ತವರಿಗೆ ಬರುವ ದಾರಿಯಲ್ಲಿ ಗಂಡ ಹಾವು ಕಚ್ಚಿ ಸತ್ತ. ಹೊಳೆ ದಾಟುವಾಗ ಹಸುಗೂಸನ್ನು ಹದ್ದು ಎತ್ತಿಕೊಂಡು ಹೋಯಿತು, ದೊಡ್ಡ ಮಗ ನೀರಿನಲ್ಲಿ ಕೊಚ್ಚಿಹೋದ. ಊರು ಮುಟ್ಟುವಷ್ಟರಲ್ಲಿ ರಾತ್ರಿಯ ಮಳೆಗಾಳಿಗೆ ಮನೆ ಕುಸಿದು ತಂದೆ, ತಾಯಿ, ಅಣ್ಣ ಮೂವರೂ ಹೋಗಿದ್ದರು. ಅವಳಿಗೆ ಬುದ್ಧಿ ಸ್ಥಿಮಿತ ತಪ್ಪಿತು. ಮೈಮೇಲಿನ ಬಟ್ಟೆ ಜಾರಿದ್ದೂ ತಿಳಿಯಲಿಲ್ಲ. ಊರಿನವರು ಹುಚ್ಚಿ ಎಂದು ಕಸ, ಮಣ್ಣಿನ ಹೆಂಟೆ ಎಸೆದು ಓಡಿಸಿದರು.

ಹಾಗೆ ಅಲೆಯುತ್ತ ಜೇತವನಕ್ಕೆ ಬಂದಳು. ಅಲ್ಲಿ ಧಮ್ಮ ಕೇಳುತ್ತಿದ್ದವರೂ ಅವಳನ್ನು ತಡೆಯಲು ಹೋದರು. ಬುದ್ಧರು ತಡೆಯಬೇಡಿ ಎಂದರು. ತಂಗಿ ಎಂದು ಕರೆದು, ನೆನಪನ್ನು ಮರಳಿ ತಂದುಕೋ ಎಂದರು. ಅವಳಿಗೆ ಎಚ್ಚರ ಬಂತು. ಎಚ್ಚರ ಬಂದ ಕೂಡಲೇ ನಾಚಿಕೆಯೂ ಬಂತು, ಮುದುಡಿ ಕುಳಿತಳು. ಆಗ ಸಭೆಯಲ್ಲಿದ್ದ ಒಬ್ಬ ಮನುಷ್ಯ ತನ್ನ ಮೇಲುಹೊದಿಕೆಯನ್ನು ಅವಳತ್ತ ಎಸೆದ. ಅವಳು ಅದನ್ನು ಸುತ್ತಿಕೊಂಡು ಬುದ್ಧರ ಬಳಿಗೆ ಬಂದಳು.

ಆ ಪಟಾಚಾರಾ ಮುಂದೆ ಭಿಕ್ಖುಣಿ ಸಂಘದಲ್ಲಿ ವಿನಯವನ್ನು ಬಲ್ಲವರಲ್ಲಿ ಅಗ್ರಳಾದಳು. ಮಕ್ಕಳನ್ನು ಕಳೆದುಕೊಂಡು ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಗುರುವಾದಳು. ಹೊದಿಕೆ ಎಸೆದವನ ಹೆಸರನ್ನು ಕಥೆ ಹೇಳುವುದಿಲ್ಲ. ಅವನು ಧರ್ಮೋಪದೇಶ ಮಾಡಲಿಲ್ಲ, ಅವಳ ದುಃಖಕ್ಕೆ ಪರಿಹಾರ ಹೇಳಲಿಲ್ಲ. ಆ ಕ್ಷಣಕ್ಕೆ ಬೇಕಾಗಿದ್ದು ಒಂದು ಬಟ್ಟೆ. ಅದು ಅವನ ಹೆಗಲ ಮೇಲಿತ್ತು. ಕೊಟ್ಟ. ಪುಬ್ಬಕಾರೀ ಎಂದರೆ ಇವನೇ.

*'ಉಪಕಾರ' ಎಂಬ ಮಾತು ನಮಗೆ ಯಾಕೆ ಚುಚ್ಚುತ್ತದೆ?*

ಇಲ್ಲಿ ನಮ್ಮ ಮನಸ್ಸಿನಲ್ಲಿ ಒಂದು ತಕರಾರು ಏಳುತ್ತದೆ. ಏಳಬೇಕು ಕೂಡ. ನಮ್ಮ ಹಿರಿಯರಿಗೆ ಉಪಕಾರ ಎಂದರೆ ಏನಾಗಿತ್ತು? ಹಿತ್ತಿಲ ಬಾಗಿಲಲ್ಲಿ ನಿಂತವರ ಸೆರಗಿಗೆ ಮೇಲಿನಿಂದ ಹಾಕಿದ ಮಿಕ್ಕ ಅನ್ನ. ಹಬ್ಬಕ್ಕೆ ಕೊಟ್ಟ ಹಳೆಯ ಸೀರೆ. ಮದುವೆಗೆ ಕೊಟ್ಟ ಸಾಲ, ಅದಕ್ಕೆ ಪ್ರತಿಯಾಗಿ ವರ್ಷಗಟ್ಟಲೆ ಜೀತ. ಕೊಟ್ಟವರು 'ಧರ್ಮಾತ್ಮರು'. ತೆಗೆದುಕೊಂಡವರು ತಲೆ ಎತ್ತಿದರೆ 'ಉಂಡ ಮನೆಗೆ ಎರಡು ಬಗೆದವರು'. ಇಂಥ ನೆನಪಿರುವ ಜನಕ್ಕೆ ಕೃತಜ್ಞತೆಯ ಪಾಠ ಹೇಳುವಾಗ ಎಚ್ಚರ ಬೇಕು.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ನೆನಪುಗಳ ಬರಹದಲ್ಲಿ 1901ರ ಒಂದು ಪ್ರಯಾಣವನ್ನು ಬರೆದಿದ್ದಾರೆ. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಮಕ್ಕಳು ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಹೊರಟರು. ಮಸೂರ್ ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರರು ಅಕ್ಕರೆಯಿಂದಲೇ ಹತ್ತಿರ ಬಂದು ವಿಚಾರಿಸಿದರು. ನೀವು ಯಾರು ಎಂದು ಕೇಳಿದರು. ಮಕ್ಕಳು ಮಹಾರರು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಆ ಕ್ಷಣದಲ್ಲಿ ಅವರ ಮುಖ ಬದಲಾಯಿತು, ತಮ್ಮ ಕೋಣೆಗೆ ಹೊರಟುಹೋದರು. ಆಮೇಲೆ ಮತ್ತೆ ಬಂದರು, ಗಾಡಿಯವನೊಬ್ಬನನ್ನು ಒಪ್ಪಿಸಲು ನೆರವಾದರು. ಆದರೆ ಎರಡು ಪಟ್ಟು ಬಾಡಿಗೆ, ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರು. ಆ ರಾತ್ರಿ ಅವರ ಬಳಿ ಬೇಕಾದಷ್ಟು ಊಟವಿತ್ತು. ಕುಡಿಯಲು ನೀರು ಕೊಡುವವರಿರಲಿಲ್ಲ. ಹಸಿದೇ ಮಲಗಿದರು.

ಈ ಕಥೆಯಲ್ಲಿ ದಯೆ ಇಲ್ಲವೇ? ಇದೆ, ಆ ಮಾಸ್ತರರಲ್ಲಿ ತುಸು ಇತ್ತು. ಆದರೆ ಅದು ಒಂದು ಉತ್ತರಕ್ಕೆ ಕಾಯುತ್ತಿದ್ದ ದಯೆ. 'ನೀವು ಯಾರು' ಎಂಬ ಪ್ರಶ್ನೆಗೆ ಸಿಕ್ಕ ಉತ್ತರದ ಮೇಲೆ ಅದರ ಅಳತೆ ನಿಂತಿತ್ತು. ಅದನ್ನು ಮೈತ್ರಿ ಎನ್ನಲಾಗದು.

*ಮಹಾಡಿನಲ್ಲಿ ಸಿಕ್ಕ ನೆಲ*

ಈಗ ಇನ್ನೊಂದು ಘಟನೆ. ಮಹಾಡ್ ಎಂದರೆ ನಮಗೆ ಚವದಾರ ಕೆರೆ. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂಬ ಎಸ್. ಕೆ. ಬೋಲೆ ಅವರ ಠರಾವನ್ನು ಮುಂಬಯಿ ಶಾಸನಸಭೆ 1923ರಲ್ಲಿ ಒಪ್ಪಿತ್ತು. ಮಹಾಡ್ ಪುರಸಭೆಯೂ 1924ರಲ್ಲಿ ಅದನ್ನು ಒಪ್ಪಿತ್ತು. ಕಾಗದದ ಮೇಲೆ ಕೆರೆ ನಮ್ಮದಾಗಿತ್ತು. ಆದರೂ 1927ರ ಮಾರ್ಚ್ 19 ಮತ್ತು 20ರ ಪರಿಷತ್ತಿಗೆ ಬಂದ ಸಾವಿರಾರು ಜನರಿಗಾಗಿ 40 ರೂಪಾಯಿ ಕೊಟ್ಟು ಸವರ್ಣೀಯರಿಂದ ನೀರು ಕೊಳ್ಳಬೇಕಾಯಿತು. ಕೆರೆ ಅಲ್ಲೇ ಇತ್ತು!

20ರಂದು ಬಾಬಾಸಾಹೇಬರು ಮೆರವಣಿಗೆಯಲ್ಲಿ ಹೋಗಿ ಕೆರೆಯ ನೀರು ಕುಡಿದರು. ಆಮೇಲೆ ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ಸುಳ್ಳು ಸುದ್ದಿ ಹಬ್ಬಿತು. ದೊಣ್ಣೆ ಹಿಡಿದ ಗುಂಪು ಚಪ್ಪರಕ್ಕೆ ನುಗ್ಗಿತು. ಊಟ ಮಣ್ಣುಪಾಲಾಯಿತು. ಊರಿಗೆ ಮರಳುತ್ತಿದ್ದವರನ್ನು ದಾರಿಯಲ್ಲಿ ಹಿಡಿದು ಹೊಡೆದರು. ಬಾಬಾಸಾಹೇಬರು ತಮ್ಮ ಜನಕ್ಕೆ ತಿರುಗಿ ಹೊಡೆಯಬೇಡಿ ಎಂದು ಹೇಳಿ ತಡೆದರು. ಆ ದಿನ ಪೆಟ್ಟು ತಿಂದು ಓಡಿದ ಕೆಲವರಿಗೆ ಬಾಗಿಲು ತೆರೆದದ್ದು ಮಹಾಡಿನ ಮುಸ್ಲಿಮರ ಮನೆಗಳು.

ಅದೇ ವರ್ಷ ಡಿಸೆಂಬರ್ 25ಕ್ಕೆ ಮತ್ತೆ ಸತ್ಯಾಗ್ರಹ ಪರಿಷತ್ತು ಎಂದು ಗೊತ್ತಾಯಿತು. ಚಪ್ಪರ ಹಾಕಲು ಯಾವ ಸವರ್ಣೀಯರೂ ಜಾಗ ಕೊಡಲಿಲ್ಲ. ಊರಿನ ವ್ಯಾಪಾರಿಗಳು ಸಾಮಾನು ಮಾರಲಿಲ್ಲ, ದವಸಧಾನ್ಯವನ್ನು ಹೊರಗಿನಿಂದ ತರಬೇಕಾಯಿತು. ಬಾಬಾಸಾಹೇಬರು ಮುಂಬಯಿಯಿಂದ ಹಡಗಿನಲ್ಲಿ ದಾಸಗಾಂವ್‌ಗೆ ಬಂದು, ಅಲ್ಲಿಂದ ಮಹಾಡಿಗೆ ನಡೆದು ಬಂದರು. ಆ ಹೊತ್ತಿನಲ್ಲಿ ಚಪ್ಪರಕ್ಕೆ ತಮ್ಮ ಜಾಗ ಕೊಟ್ಟವರು ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು. ಮನುಸ್ಮೃತಿಗೆ ಬೆಂಕಿ ಬಿದ್ದ ಆ ರಾತ್ರಿ ನಮ್ಮ ಜನ ಕಾಲೂರಿ ನಿಂತದ್ದು ಅವರು ಕೊಟ್ಟ ನೆಲದ ಮೇಲೆ.

ಒಂದು ಊರಿನಲ್ಲಿ ನಾಳೆಯೂ ಬದುಕಬೇಕಾದವರು, ಅಂಗಡಿಗೆ ಹೋಗಬೇಕಾದವರು, ನೆರೆಹೊರೆಯವರ ಕಣ್ಣಿಗೆ ಬೀಳಬೇಕಾದವರು ಹೀಗೆ ಜಾಗ ಕೊಡುವುದು ಸಣ್ಣ ಮಾತಲ್ಲ. ಪರಿಷತ್ತಿಗೆ ಬಂದವರು ಎರಡು ದಿನದಲ್ಲಿ ಹೊರಟುಹೋಗುತ್ತಾರೆ. ಕೊಟ್ಟವರು ಅಲ್ಲೇ ಇರಬೇಕು. ಪ್ರತಿ ವರ್ಷ ಡಿಸೆಂಬರ್ 25ರಂದು ನಾವು ಮನುಸ್ಮೃತಿ ದಹನ ದಿನ ಆಚರಿಸುತ್ತೇವೆ. ಆ ದಿನ ಈ ಹೆಸರನ್ನೂ ನಮ್ಮ ಮಕ್ಕಳಿಗೆ ಹೇಳುವುದು ಕತವೇದೀ ಆಗುವ ಒಂದು ದಾರಿ.

ಇನ್ನೊಂದು ಮಾತನ್ನು ಮರೆಯಬಾರದು. ಫತ್ತೇಖಾನರು ಜಾಗ ಕೊಟ್ಟರೆಂದು ಬಾಬಾಸಾಹೇಬರು ಕೆರೆಯನ್ನು ಬಿಟ್ಟುಕೊಡಲಿಲ್ಲ. ಆ ಮೊಕದ್ದಮೆ ಹತ್ತು ವರ್ಷ ನಡೆಯಿತು. 1937ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಪರವಾಗಿ ತೀರ್ಪು ಕೊಟ್ಟಿತು. ನೀರು ಹಕ್ಕಿನಿಂದಲೇ ಸಿಕ್ಕಿತು. ಆದರೆ ಹಕ್ಕಿಗಾಗಿ ಹೊರಟವರು ಆ ದಿನ ರಾತ್ರಿ ಎಲ್ಲಿ ತಂಗಬೇಕು, ಎಲ್ಲಿ ಸೇರಬೇಕು? ಅದಕ್ಕೆ ಒಬ್ಬರ ಮನಸ್ಸು ಬೇಕಾಯಿತು.

*ಮೈತ್ರಿಯನ್ನು ಗುರುತಿಸುವುದು ಹೇಗೆ?*

ಅಂಗುತ್ತರ ನಿಕಾಯದಲ್ಲೇ 'ಸಪ್ಪುರಿಸ ದಾನ', ಅಂದರೆ ಸತ್ಪುರುಷರ ದಾನದ ಲಕ್ಷಣಗಳು ಬರುತ್ತವೆ. ಶ್ರದ್ಧೆಯಿಂದ ಕೊಡುವುದು, ಗೌರವದಿಂದ ಕೊಡುವುದು, ಸಮಯಕ್ಕೆ ಸರಿಯಾಗಿ ಕೊಡುವುದು, ಬಿಚ್ಚುಮನಸ್ಸಿನಿಂದ ಕೊಡುವುದು, ತನಗೂ ಇತರರಿಗೂ ನೋವಾಗದಂತೆ ಕೊಡುವುದು. ಇದರಲ್ಲಿ ಎಷ್ಟು ಕೊಡಬೇಕು ಎಂಬ ಲೆಕ್ಕವೇ ಇಲ್ಲ, ಗಮನಿಸಿ. ಹೇಗೆ ಕೊಡಬೇಕು ಎಂಬುದಷ್ಟೇ ಇದೆ. ಹಿತ್ತಿಲ ಬಾಗಿಲಿನ ಅನ್ನ ಎರಡನೆಯ ಲಕ್ಷಣದಲ್ಲೇ ಸೋತುಹೋಗುತ್ತದೆ.

ನಮ್ಮ ಅನುಭವದ ಬೆಳಕಿನಲ್ಲಿ ಇದನ್ನು ಮೂರು ಗುರುತುಗಳಾಗಿ ನೆನಪಿಡೋಣ.

1. ಮೈತ್ರಿ ಕುಲ ಕೇಳುವುದಿಲ್ಲ. ಹೊದಿಕೆ ಎಸೆದವನು ಪಟಾಚಾರಾಳ ಮನೆತನ ವಿಚಾರಿಸಲಿಲ್ಲ.

2. ಮೈತ್ರಿ ಲೆಕ್ಕ ಇಡುವುದಿಲ್ಲ. ಕೊಟ್ಟದ್ದಕ್ಕೆ ತಲೆ ತಗ್ಗಿಸಿ ನಿಲ್ಲಬೇಕು ಎಂದು ಬಯಸುವುದಿಲ್ಲ.

3. ಮೈತ್ರಿ ಹಕ್ಕಿನ ಜಾಗದಲ್ಲಿ ಬಂದು ಕೂರುವುದಿಲ್ಲ. 'ನಾವು ಕೊಡುತ್ತೇವಲ್ಲ, ನಿಮಗೆ ಹಕ್ಕು ಯಾಕೆ?' ಎನ್ನುವವರದು ಯಜಮಾನಿಕೆ. 'ನಿಮ್ಮ ಹಕ್ಕಿಗಾಗಿ ನೀವು ನಿಲ್ಲಿ, ನಿಲ್ಲಲು ಜಾಗ ನಾನು ಕೊಡುತ್ತೇನೆ' ಎನ್ನುವವರದು ಮೈತ್ರಿ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆ ಮತ್ತು ಮೈತ್ರಿಯನ್ನು ಬಿಡಿಸಿ ಹೇಳಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಬುದ್ಧರು ಅಲ್ಲಿಗೇ ನಿಲ್ಲದೆ, ಎಲ್ಲ ಜೀವಿಗಳನ್ನೂ ಒಳಗೊಳ್ಳುವ ಮೈತ್ರಿಯನ್ನು ಬೋಧಿಸಿದರು ಎಂಬುದು ಅವರ ವಿವರಣೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುವಾಗಲೂ, ಬಂಧುತ್ವ ಇಲ್ಲದೆ ಹೋದರೆ ಸ್ವಾತಂತ್ರ್ಯ ಸಮಾನತೆಗಳು ಮೇಲೆ ಬಳಿದ ಬಣ್ಣದಷ್ಟೇ ತೆಳುವಾಗಿ ಉಳಿಯುತ್ತವೆ ಎಂದು ಎಚ್ಚರಿಸಿದರು. ಕಾನೂನು ನಮ್ಮನ್ನು ಕೆರೆಯವರೆಗೆ ಕರೆದೊಯ್ಯಬಲ್ಲದು. ಪಕ್ಕದಲ್ಲಿ ನಿಂತವರು ಅದೇ ನೀರನ್ನು ನಗುತ್ತ ಕುಡಿಯುವಂತೆ ಮಾಡುವುದು ಬಂಧುತ್ವದಿಂದ ಮಾತ್ರ ಸಾಧ್ಯ.

*ಕೇಳದೆ ಉಳಿದ ಪ್ರಶ್ನೆ*

ಇದು ನಮ್ಮ ಕಾಲದಲ್ಲೂ ಹೇಗೆ ಬರುತ್ತದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ. 2021ರ ಮೇ ತಿಂಗಳು, ಕೊರೋನಾದ ಎರಡನೆಯ ಅಲೆ. ನಮ್ಮಣ್ಣ ಒಂದು ಆಸ್ಪತ್ರೆಯ ವಾರ್ಡಿನಲ್ಲಿದ್ದ. ಹೊರಗೆ ಮರದ ಕೆಳಗೆ ನಮ್ಮಂಥವರು ಹತ್ತಾರು ಮಂದಿ ಕಾಯುತ್ತಿದ್ದೆವು. ಲಾಕ್‌ಡೌನ್ ಇದ್ದುದರಿಂದ ಸುತ್ತಮುತ್ತ ಒಂದು ಹೋಟೆಲೂ ತೆರೆದಿರಲಿಲ್ಲ. ಮೊದಲ ದಿನ ಮಧ್ಯಾಹ್ನ, ಗಂಡನನ್ನು ಸೇರಿಸಿಕೊಂಡು ಬಂದಿದ್ದ ಹಿರಿಯ ಹೆಂಗಸೊಬ್ಬರು ನನ್ನ ಕಡೆ ತಿರುಗಿ 'ಊಟ ಆಯ್ತೇನಮ್ಮ?' ಎಂದರು. ಉತ್ತರಕ್ಕೂ ಕಾಯಲಿಲ್ಲ. ರಾಗಿ ರೊಟ್ಟಿ ಮುರಿದು, ಹುಚ್ಚೆಳ್ಳು ಚಟ್ನಿಪುಡಿ ಹಾಕಿ ಕೊಟ್ಟರು. ತಾವು ಕುಡಿದ ಬಾಟಲಿಯನ್ನೇ ನನ್ನ ಮುಂದೆ ಇಟ್ಟರು. ನಾಲ್ಕನೆಯ ದಿನ ಅವರ ಗಂಡ ಗುಣವಾಗಿ ಹೊರಟರು. ಹೋಗುವಾಗ ಚಟ್ನಿಪುಡಿಯ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿ, 'ನಿಮ್ಮಣ್ಣನೂ ಹುಷಾರಾಗ್ತಾನೆ' ಎಂದು ಹೇಳಿಹೋದರು. ಅವನೂ ಗುಣವಾಗಿ ಬಂದ.

ಆ ನಾಲ್ಕು ದಿನಗಳಲ್ಲಿ 'ನೀವು ಯಾವ ಜನ?' ಎಂಬ ಪ್ರಶ್ನೆ ಒಮ್ಮೆಯೂ ಬರಲಿಲ್ಲ. ರೊಟ್ಟಿಗಿಂತ ನನಗೆ ಹೆಚ್ಚು ನೆನಪಿರುವುದು ಅದು. ಪ್ರತಿ ಬಾರಿ ಅವರು ಮಾತಿಗೆ ಬಾಯಿ ತೆರೆದಾಗಲೂ ಆ ಪ್ರಶ್ನೆ ಈಗ ಬರುತ್ತದೆ ಎಂದು ಒಳಗೆ ಬಿಗಿ ಹಿಡಿದು ಕೂತಿರುತ್ತಿದ್ದೆ. ಓದುತ್ತಿರುವ ನಿಮಗೆ ಆ ಬಿಗಿತ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಸೂರ್ ನಿಲ್ದಾಣದ ಮಕ್ಕಳಿಂದ ನಮ್ಮವರೆಗೆ ಬಂದಿರುವ ಬಿಗಿತ ಅದು.

'ಕೇಳಿದ್ದರೆ ಏನಾಗುತ್ತಿತ್ತು?' ಎಂದು ನೀವು ಕೇಳಬಹುದು. ಅವರು ಕೇಳಲಿಲ್ಲ. ಕೇಳದೆ ಇದ್ದುದಕ್ಕೆ ಅವರನ್ನು ಸಂಶಯಿಸುವುದು ಸರಿಯಲ್ಲ. ಆದರೆ ಆ ಸಂಶಯ ನಮ್ಮಲ್ಲಿ ಏಳುವುದು ನಮ್ಮ ದೋಷವೂ ಅಲ್ಲ, ಅದು ಈ ಸಮಾಜ ಕಲಿಸಿದ್ದು. ಧಮ್ಮದ ಅಭ್ಯಾಸ ಇಲ್ಲೇ ಇದೆ. ಸಂಶಯ ಎದ್ದಾಗ 'ಇದು ಸಂಶಯ' ಎಂದು ಅರಿಯಬೇಕು. ಕೊಟ್ಟ ರೊಟ್ಟಿಯನ್ನು 'ಇದು ಕೊಟ್ಟದ್ದು' ಎಂದು ಅರಿಯಬೇಕು. ಒಂದರಿಂದ ಇನ್ನೊಂದನ್ನು ಮುಚ್ಚಬಾರದು. ನಡೆದ ಅನ್ಯಾಯವನ್ನು ಮರೆತು ಕೃತಜ್ಞರಾಗುವುದು ಬೇಡ. ಅನ್ಯಾಯದ ನೆನಪಿನಲ್ಲಿ ಕಂಡ ಒಳ್ಳೆಯದನ್ನು ಅಳಿಸುವುದೂ ಬೇಡ. ಕಂಡದ್ದನ್ನು ಕಂಡ ಹಾಗೆ ನೋಡುವುದೇ ಸಮ್ಮಾದಿಟ್ಠಿ.

*ನಮ್ಮ ಸರದಿ*

ಇಷ್ಟು ಹೊತ್ತು ಪಡೆದವರ ಮಾತಾಯಿತು. ಪಾಠ ಇಲ್ಲಿಗೇ ನಿಂತರೆ ಅರ್ಧವಷ್ಟೇ. ನಾವೂ ಪುಬ್ಬಕಾರೀ ಆಗಬೇಕು.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಘಟನೆ ಬರುತ್ತದೆ. ಹೊಟ್ಟೆಯ ಕಾಯಿಲೆಯಿಂದ ನರಳುತ್ತಿದ್ದ ಭಿಕ್ಖುವೊಬ್ಬ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಬುದ್ಧರು ಕೇಳಿದರು. ಇಲ್ಲ ಎಂದ. ಯಾಕೆ ಎಂದು ಕೇಳಿದಾಗ, ತನ್ನಿಂದ ಇತರ ಭಿಕ್ಖುಗಳಿಗೆ ಉಪಯೋಗವಿಲ್ಲ, ಅದಕ್ಕೆ ಯಾರೂ ನೋಡುವುದಿಲ್ಲ ಎಂದ. ಬುದ್ಧರು ಆನಂದನಿಂದ ನೀರು ತರಿಸಿದರು. ಬುದ್ಧರು ನೀರು ಹೊಯ್ದರು, ಆನಂದ ಮೈ ತೊಳೆದ. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ, ಇಲ್ಲಿ ನಿಮಗೆ ತಂದೆತಾಯಿಗಳಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡುತ್ತಾರೆ ಎಂದು ಕೇಳಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬುದು ಅವರ ಉಪದೇಶದ ಸಾರ.

ಆ ಭಿಕ್ಖುವಿನ ಮಾತನ್ನು ಇನ್ನೊಮ್ಮೆ ನೋಡಿ. 'ನನ್ನಿಂದ ಉಪಯೋಗವಿಲ್ಲ.' ನಮ್ಮ ಕೇರಿಯಲ್ಲಿ, ನಮ್ಮ ವಿಹಾರದ ಸುತ್ತ, ಹಾಗೆ ಅಂದುಕೊಂಡು ಬಾಗಿಲು ಹಾಕಿಕೊಂಡವರು ಇಲ್ಲವೇ? ಬೇರೆ ರಾಜ್ಯದಿಂದ ಕಟ್ಟಡದ ಕೆಲಸಕ್ಕೆ ಬಂದವರು, ಭಾಷೆ ಬಾರದವರು, ನಮ್ಮ ಸಭೆಗೆ ಎಂದೂ ಬಾರದ ಜಾತಿಯ ಬಡವರು ನಮ್ಮ ಕಣ್ಣಿಗೆ ಬೀಳುತ್ತಾರೆಯೇ? ಅವರು ಕಷ್ಟದಲ್ಲಿರುವಾಗ ನಾವೂ ಮೊದಲು 'ಯಾವ ಜನ' ಎಂದು ಕೇಳುತ್ತೇವೆಯೇ? ಈ ಪ್ರಶ್ನೆಯ ನೋವು ತಿಳಿದ ನಮ್ಮ ಬಾಯಿಂದ ಆ ಪ್ರಶ್ನೆ ಬರಬಾರದು.

ಸಾಮ್ರಾಟ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಗಳ ಬದಿಯಲ್ಲಿ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ಮನುಷ್ಯರಿಗೂ ಪ್ರಾಣಿಗಳಿಗೂ ನೀರಿನ ತಾಣಗಳನ್ನು ಮಾಡಿಸಿದ್ದನ್ನು ಬರೆಸಿದ್ದಾನೆ. ಕನ್ನಡದಲ್ಲಿ ಇದಕ್ಕೆ ಚೆಂದದ ಹೆಸರಿದೆ: ಅರವಟ್ಟಿಗೆ. ಅರವಟ್ಟಿಗೆ ಇಟ್ಟವರಿಗೆ ಕುಡಿಯುವವರು ಯಾರೆಂದು ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಆದರೆ ನಮ್ಮ ಹಿರಿಯರಿಗೆ ಅಲ್ಲೂ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದ ಕಾಲವಿತ್ತು. ಆದ್ದರಿಂದ ಬಾಬಾಸಾಹೇಬರ ಜಯಂತಿಯ ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಹುಡುಗರು ರಸ್ತೆಬದಿ ನಿಂತು ಬಂದವರಿಗೆಲ್ಲ ಮಜ್ಜಿಗೆ ಕೊಡುವಾಗ ಅದು ಬರೀ ಮಜ್ಜಿಗೆಯಲ್ಲ. ನೀರಿಲ್ಲದೆ ಹಸಿದು ಮಲಗಿದ ಒಬ್ಬ ಬಾಲಕನ ಹೆಸರಿನಲ್ಲಿ, ಯಾರ ಕುಲವನ್ನೂ ಕೇಳದೆ, ಕೈಯಿಂದ ಕೈಗೆ ಲೋಟ ಕೊಡುತ್ತಿದ್ದೇವೆ. ಮುಂದಿನ ಬಾರಿ ಲೋಟ ಕೊಡುವ ಮಕ್ಕಳಿಗೆ ಇದನ್ನು ಹೇಳಿ ಕೊಡಿ.

*ಇಂದಿನ ಅಭ್ಯಾಸ*

● ಐದು ನಿಮಿಷ ಸುಮ್ಮನೆ ಕುಳಿತು, ಕಷ್ಟದಲ್ಲಿ ನಿಮ್ಮ ಕೈ ಹಿಡಿದ ಒಬ್ಬ ಅಪರಿಚಿತರನ್ನು ನೆನೆಯಿರಿ. ಅವರ ಹೆಸರು ಗೊತ್ತಿಲ್ಲದಿದ್ದರೂ ಅವರಿಗೆ ಮೈತ್ರಿ ಕಳುಹಿಸಿ.

● ಅವರ ಬಗ್ಗೆ ಇವತ್ತು ಮನೆಯ ಒಬ್ಬ ಮಗುವಿಗಾದರೂ ಹೇಳಿ.

● ಈ ವಾರದೊಳಗೆ, ಯಾರೂ ಕೇಳುವ ಮೊದಲೇ, ಪರಿಚಯವಿಲ್ಲದ ಒಬ್ಬರಿಗೆ ನೆರವಾಗಿ. ಅದನ್ನು ಗ್ರೂಪಿನಲ್ಲಿ ಹಾಕಬೇಡಿ, ಫೋಟೋ ತೆಗೆಯಬೇಡಿ.

*ಭಾನುವಾರದ ಚರ್ಚೆಗೆ*

1. ದಯೆ ಮತ್ತು ಹಕ್ಕು ಒಂದಕ್ಕೊಂದು ವಿರುದ್ಧವೇ? ಮಹಾಡಿನ ಘಟನೆ ಇಟ್ಟುಕೊಂಡು ಮಾತಾಡೋಣ.

2. ನಮ್ಮ ಅಧ್ಯಯನ ಬಳಗದಲ್ಲಿ 'ನನ್ನಿಂದ ಉಪಯೋಗವಿಲ್ಲ' ಎಂದು ದೂರ ಉಳಿದವರು ಯಾರು? ಅವರ ಮನೆಗೆ ಮೊದಲು ಹೋಗುವವರು ಯಾರು?

ಸಬ್ಬೇ ಸತ್ತಾ ಸುಖೀ ಹೋಂತು.
ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.

ಜೈಭೀಮ್ 🙏